ಯುವಜನರು ಮತ್ತು ಬ್ಲಾಗು: ಅಂಕಿತ ಕಳೆದುಕೊಂಡ ಮಾತಿನ ಅಪಾಯ

ಅಂತರ್ಜಾಲದಲ್ಲಿ ಬರೆಯುವ ಹುಡುಗ ಹುಡುಗಿಯರ ಬಗ್ಗೆ ನಮ್ಮ ಮನೆಗಳಲ್ಲಿ, ಕಾಲೇಜುಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಅದು ಅವರ ಪ್ರತಿಭೆಗೆ ಸಿಕ್ಕ ಅವಕಾಶ, ತಡೆಯಬಾರದು ಎನ್ನುವವರು ಕೆಲವರು. ಅದು ಓದು ಕೆಡಿಸುವ, ಪೊಲೀಸ್ ಕೇಸು ತರಿಸುವ, ಮನೆಯ ಮರ್ಯಾದೆಯನ್ನು ಬೀದಿಗೆ ತರುವ ಚಟ, ಆದಷ್ಟು ಬೇಗ ಬಿಡಿಸಬೇಕು ಎನ್ನುವವರು ಹಲವರು. ಇಬ್ಬರೂ ಅಂತರ್ಜಾಲದ ಬರಹವೆಂದರೆ ಎಲ್ಲವೂ ಒಂದೇ ಎಂದುಕೊಂಡು ಮಾತನಾಡುತ್ತಾರೆ. ಒಬ್ಬ ವಿದ್ಯಾರ್ಥಿನಿ ತನ್ನ ಹೆಸರಿನಲ್ಲಿ, ದಿನಾಂಕ ಹಾಕಿ, ಎರಡು ಪುಟ ಬರೆದು ತನ್ನ ಬ್ಲಾಗಿನಲ್ಲಿ ಇಡುವುದಕ್ಕೂ, ಯಾರೋ ಬರೆದ ನಾಲ್ಕು ಸಾಲನ್ನು ಇನ್ನಾರೋ ಮೊಬೈಲಿನಿಂದ ಮೊಬೈಲಿಗೆ ದಾಟಿಸುವುದಕ್ಕೂ ಇರುವ ವ್ಯತ್ಯಾಸವನ್ನು ಯಾರೂ ಗಮನಿಸುವುದಿಲ್ಲ.

ಈ ವ್ಯತ್ಯಾಸ ಪಂಡಿತರ ಚರ್ಚೆಯ ವಿಷಯವಷ್ಟೇ ಆಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಆದರೆ ಶಿವಮೊಗ್ಗ ನಗರ ಒಂದು ಬರಹದ ಕಾರಣಕ್ಕೆ ಎರಡು ಜೀವಗಳನ್ನು ಕಳೆದುಕೊಂಡಿದೆ. ಆ ಘಟನೆಗೆ ಬರುವ ಮುನ್ನ, ಬ್ಲಾಗು ಎಂಬ ಬರಹದ ಬಗೆ ನಮ್ಮ ಸಣ್ಣ ಊರುಗಳ ಯುವಜನರಿಗೆ ಏನು ಕೊಟ್ಟಿತು ಎಂಬುದನ್ನು ನೋಡಬೇಕು.

ತುಂಗಾ ಎಂಬ ಅಕ್ಷರ

ಬ್ಲಾಗು ಎಂಬ ಶಬ್ದಕ್ಕೆ ಇನ್ನೂ ಮೂವತ್ತು ವರ್ಷವಾಗಿಲ್ಲ. 1999ರಲ್ಲಿ ಬ್ಲಾಗರ್ ಎಂಬ ಸೇವೆ ಆರಂಭವಾಯಿತು, 2003ರಲ್ಲಿ ಅದನ್ನು ಗೂಗಲ್ ಕೊಂಡುಕೊಂಡಿತು, ಅದೇ ವರ್ಷ ವರ್ಡ್‌ಪ್ರೆಸ್ ಬಂತು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಆ ದಿನದಿಂದಲೇ ದಾರಿ ಸಲೀಸು. ಕನ್ನಡದವರ ಪಾಡು ಬೇರೆ ಇತ್ತು. ಶೇಷಾದ್ರಿವಾಸು ಅವರು 1998ರಲ್ಲಿ ರೂಪಿಸಿದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ', ಇವುಗಳಿಂದ ಕನ್ನಡದಲ್ಲಿ ಟೈಪು ಮಾಡುವುದು ಸಾಧ್ಯವಾಯಿತು. ಆದರೆ ಒಂದು ಕಂಪ್ಯೂಟರಿನಲ್ಲಿ ಮೂಡಿದ ಅಕ್ಷರ ಇನ್ನೊಂದರಲ್ಲಿ ಚೌಕಗಳಾಗಿಯೋ ವಿಚಿತ್ರ ಚಿಹ್ನೆಗಳಾಗಿಯೋ ಕಾಣುತ್ತಿತ್ತು. ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರ ಸಾಮಾನ್ಯ ಬಳಕೆದಾರನ ಕೈಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯ ಜೊತೆಗೆ. ಅದರಲ್ಲಿದ್ದ ಕನ್ನಡ ಅಕ್ಷರಶೈಲಿಯ ಹೆಸರು 'ತುಂಗಾ'. ಶಿವಮೊಗ್ಗವನ್ನು ಹಾದುಹೋಗುವ ಹೊಳೆಯ ಹೆಸರನ್ನೇ ಹೊತ್ತ ಆ ಅಕ್ಷರದಲ್ಲಿ ಕನ್ನಡದ ಮೊದಲ ತಲೆಮಾರಿನ ಬ್ಲಾಗುಗಳನ್ನು ಜನ ಓದಿದರು. ಊರಿನವರಿಗೇ ಈ ಸಂಗತಿ ಅಷ್ಟಾಗಿ ಗೊತ್ತಿಲ್ಲ.

ಮುಂದಿನ ಆರೇಳು ವರ್ಷ ಕನ್ನಡ ಬ್ಲಾಗುಗಳ ಸುಗ್ಗಿ. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಗಿತ್ತು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರ 'ಸಂಪದ' ಬಂದು, ಅಪರಿಚಿತ ಯುವಕ ಯುವತಿಯರಿಗೆ ಬರೆಯುವ ಜಾಗ ಕೊಟ್ಟಿತು. ಜಿ.ಎನ್. ಮೋಹನ್ ಅವರ 'ಅವಧಿ', ಕಥೆಗಾರ ಅಬ್ದುಲ್ ರಶೀದ್ ಸಂಪಾದಿಸಿದ 'ಕೆಂಡಸಂಪಿಗೆ' ಮುದ್ರಣದ ಲೋಕಕ್ಕೂ ಅಂತರ್ಜಾಲದ ಲೋಕಕ್ಕೂ ಸೇತುವೆಯಾದವು. ಒಬ್ಬ ಮುಸ್ಲಿಂ ಲೇಖಕ ಕನ್ನಡದ ಮುಖ್ಯ ಅಂತರ್ಜಾಲ ಪತ್ರಿಕೆಯೊಂದರ ಸಂಪಾದಕನಾಗಿದ್ದು, ಅಲ್ಲಿ ಮಳೆ, ಹಕ್ಕಿ, ಸಂಗೀತ, ಊರಿನ ಜನ ಎಲ್ಲವೂ ವಸ್ತುವಾಗಿದ್ದವು ಎಂಬುದು ಸಣ್ಣ ಸಂಗತಿಯಲ್ಲ. ಮುಸ್ಲಿಂ ಯುವಕನೊಬ್ಬ ಬರೆದರೆ ತಲಾಖ್ ಬಗ್ಗೆ ಬರೆಯಬೇಕು, ಇಲ್ಲವೇ ಕೋಮುಗಲಭೆಯ ಬಗ್ಗೆ ಬರೆಯಬೇಕು ಎಂಬ ನಿರೀಕ್ಷೆ ನಮ್ಮ ಪತ್ರಿಕೆಗಳಲ್ಲಿ ಈಗಲೂ ಇದೆ. ಬ್ಲಾಗು ಆ ಕಟ್ಟುಪಾಡನ್ನು ಮುರಿಯುವ ಅವಕಾಶ ಕೊಟ್ಟಿತು. ಹಬ್ಬದ ಮುನ್ನಾದಿನ ಮನೆಯಲ್ಲಿ ನಡೆಯುವ ಸೇಮಿಗೆಯ ತಯಾರಿ, ದಖನಿ ಮಾತಿಗೂ ಶಾಲೆಯ ಕನ್ನಡಕ್ಕೂ ನಡುವೆ ಓಡಾಡುವ ನಾಲಗೆ, ಸೋತ ಕ್ರಿಕೆಟ್ ಮ್ಯಾಚು, ಕಾರ್ಖಾನೆಯ ಸೈರನ್ನು ಇವೆಲ್ಲ ಬರೆಯಬಹುದಾದ ವಸ್ತುಗಳೆಂದು ಹೇಳಲು ಯಾವ ಸಂಪಾದಕನ ಅಪ್ಪಣೆಯೂ ಬೇಕಿರಲಿಲ್ಲ.

ಸಂಪಾದಕನ ಅಪ್ಪಣೆ ಎಂಬುದು ಎಷ್ಟು ದೊಡ್ಡ ಬಾಗಿಲಾಗಿತ್ತು ಎಂದು ತಿಳಿಯಲು ಸಾರಾ ಅಬೂಬಕ್ಕರ್ ಅವರನ್ನು ನೆನೆಯಬೇಕು. ಕಾಸರಗೋಡಿನ ಸಾರಾ ಹುಟ್ಟಿದ್ದು 1936ರಲ್ಲಿ. ಅವರ ಮೊದಲ ಬರಹ 'ಲಂಕೇಶ್ ಪತ್ರಿಕೆ'ಯಲ್ಲಿ ಪ್ರಕಟವಾದದ್ದು 1981ರಲ್ಲಿ, ಅಂದರೆ ನಲವತ್ತೈದನೆಯ ವಯಸ್ಸಿನ ಹೊತ್ತಿಗೆ. 'ಚಂದ್ರಗಿರಿಯ ತೀರದಲ್ಲಿ' ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಯಿತು. 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದ ಹಾಸನದ ಬಾನು ಮುಷ್ತಾಕ್ ಕೂಡ ಲಂಕೇಶ್ ಪತ್ರಿಕೆಯ ವರದಿಗಾರ್ತಿಯಾಗಿದ್ದವರು. ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯ ಲಂಕೇಶರು ಬಾಗಿಲು ತೆರೆದಿಟ್ಟದ್ದರಿಂದ ಇವರು ಒಳಬಂದರು. ಆ ಬಾಗಿಲು ಕಾಣಿಸದೆ ಮನೆಯೊಳಗೇ ಉಳಿದವರೆಷ್ಟೋ ಮಂದಿ. ಹದಿನೆಂಟರ ಹುಡುಗಿ ತನ್ನ ಮೊದಲ ಪ್ರಬಂಧವನ್ನು ಬರೆದ ಸಂಜೆಯೇ ಓದುಗರ ಮುಂದಿಡಬಹುದಾದ ಕಾಲ ಬಂದದ್ದನ್ನು ಅಪಾಯವೆಂದಷ್ಟೇ ಕಾಣುವವರು ಈ ಇಪ್ಪತ್ತೇಳು ವರ್ಷಗಳ ಅಂತರವನ್ನು ಒಮ್ಮೆ ಲೆಕ್ಕ ಹಾಕಬೇಕು.

ಕಾಗದದ ಊರಿನ ಪಾಠ

ಭದ್ರಾವತಿ ಕಬ್ಬಿಣದ ಊರು ಮಾತ್ರವಲ್ಲ, ಕಾಗದದ ಊರೂ ಹೌದು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ 1980ರ ದಶಕದಿಂದ ಪತ್ರಿಕಾ ಕಾಗದವನ್ನೂ ತಯಾರಿಸುತ್ತಿತ್ತು. ನಷ್ಟದ ಹೊರೆಯಿಂದ 2015ರ ಹೊತ್ತಿಗೆ ಅದರ ಯಂತ್ರಗಳು ನಿಂತವು. ಕಾರ್ಖಾನೆ ನಿಂತದ್ದಕ್ಕೆ ಅಂತರ್ಜಾಲ ಕಾರಣ ಎಂದು ಹೇಳುವುದು ಸರಿಯಾಗದು; ಹಳೆಯ ಯಂತ್ರ, ಹೆಚ್ಚಿದ ವೆಚ್ಚ, ಆಡಳಿತದ ಉದಾಸೀನ ಇವೆಲ್ಲ ಇದ್ದವು. ಆದರೆ ಕಾಗದಕ್ಕೆ ಬೆಲೆಯಿದ್ದ ಕಾಲದಲ್ಲಿ ಬರಹಕ್ಕೆ ಒಂದು ಶಿಸ್ತು ತಾನಾಗಿಯೇ ಒದಗುತ್ತಿತ್ತು ಎಂಬುದನ್ನು ಈ ಊರು ನೆನಪಿಸುತ್ತದೆ. ಪುಟ ಸೀಮಿತ, ಕಾಗದ ದುಬಾರಿ, ಆದ್ದರಿಂದ ಅನಗತ್ಯ ಮಾತನ್ನು ಕತ್ತರಿಸಬೇಕು. ಕತ್ತರಿಸುವವನು ಒಬ್ಬನಿದ್ದ. ಬರೆದವನ ಹೆಸರು, ಸಂಚಿಕೆಯ ತಿಂಗಳು, ಮುದ್ರಿಸಿದವರ ವಿಳಾಸ ಕೊನೆಯ ಪುಟದಲ್ಲಿ ಇರಲೇಬೇಕಾಗಿತ್ತು.

ಬ್ಲಾಗಿನಲ್ಲಿ ಪುಟಕ್ಕೆ ಮಿತಿಯಿಲ್ಲ, ಕತ್ತರಿಸುವವರೂ ಇಲ್ಲ. ಅದರ ಪರಿಣಾಮ ಬರಹದ ಮೇಲೆ ಆಗಿಯೇ ಇದೆ, ಇದನ್ನು ಮುಚ್ಚಿಟ್ಟು ಹೊಗಳುವುದು ಪ್ರಾಮಾಣಿಕತೆಯಲ್ಲ. ಆ ದಶಕದ ಕನ್ನಡ ಬ್ಲಾಗುಗಳಲ್ಲಿ ಬಹುಪಾಲು ಅಜ್ಜಿಯ ಮನೆಯ ನೆನಪು, ಮಲೆನಾಡಿನ ಮಳೆ, ಕಳೆದುಹೋದ ಪ್ರೀತಿ ಇವುಗಳ ಸುತ್ತಲೇ ತಿರುಗಿದವು. ಊರು ಬಿಟ್ಟು ಬೆಂಗಳೂರಿಗೆ ಹೋದ ತಂತ್ರಜ್ಞರು ಬರೆದ ಮಲೆನಾಡಿನಲ್ಲಿ ಮಳೆ ಎಂದೂ ತೊಂದರೆ ಕೊಡುವುದಿಲ್ಲ. ತೋಟದ ಕೂಲಿಯವನಿಗೆ ಹೆಸರೇ ಇರುವುದಿಲ್ಲ. ಕೆಳಗೆ ಪ್ರತಿಕ್ರಿಯೆ ಬರೆದವರು 'ತುಂಬಾ ಚೆನ್ನಾಗಿದೆ', 'ಮನ ಮುಟ್ಟಿತು' ಎಂದು ಬರೆದು ಹೋಗುತ್ತಿದ್ದರು. ಬರೆದವರು ಅವರ ಬ್ಲಾಗಿಗೆ ಹೋಗಿ ಅದೇ ಮಾತನ್ನು ಹಿಂತಿರುಗಿಸುತ್ತಿದ್ದರು. ಹೊಗಳಿಕೆಯ ಈ ಕೊಡುಕೊಳ್ಳುವಿಕೆಯಲ್ಲಿ ಬರಹ ಬೆಳೆಯಲಿಲ್ಲ. ಎರಡನೆಯ ಕರಡು ಎಂಬುದೇ ಹಲವರಿಗೆ ಅಪರಿಚಿತವಾಗಿ ಉಳಿಯಿತು. ಇನ್ನೊಬ್ಬರ ಲೇಖನವನ್ನು ಹೆಸರು ಹೇಳದೆ ಎತ್ತಿ ಹಾಕಿಕೊಳ್ಳುವ ಚಾಳಿಯೂ ಇತ್ತು.

ಇಷ್ಟಾದರೂ ಒಂದು ಗುಣ ಆ ಬರಹಕ್ಕೆ ಅಂಟಿಕೊಂಡಿತ್ತು. ಬ್ಲಾಗಿನ ರಚನೆಯೇ ಹಾಗಿದೆ. ಪ್ರತಿ ಬರಹದ ಮೇಲೆ ದಿನಾಂಕ, ಹೊತ್ತು. ಪ್ರತಿ ಬರಹಕ್ಕೂ ಬದಲಾಗದ ಒಂದು ವಿಳಾಸ. ಪಕ್ಕದಲ್ಲಿ ಹಿಂದಿನ ತಿಂಗಳುಗಳ, ವರ್ಷಗಳ ಪಟ್ಟಿ. ಬೇರೆಯವರ ಮಾತನ್ನು ಉಲ್ಲೇಖಿಸಿದರೆ ಮೂಲಕ್ಕೆ ಕೊಂಡಿ ಕೊಡುವ ಅನುಕೂಲ. ಕೆಳಗೆ ಓದುಗರ ಆಕ್ಷೇಪ, ಅದರ ಕೆಳಗೆ ಬರೆದವರ ಉತ್ತರ. ಈ ಹುಡುಗ ಮೂರು ತಿಂಗಳ ಹಿಂದೆ ಏನು ಹೇಳಿದ್ದ, ಈಗ ಏನು ಹೇಳುತ್ತಿದ್ದಾನೆ, ನಡುವೆ ಯಾರು ಅವನ ಮನಸ್ಸು ಬದಲಿಸಿದರು ಎಂದು ಯಾರು ಬೇಕಾದರೂ ನೋಡಬಹುದು. ಬರೆದ ಮಾತು ತನ್ನ ಸಂದರ್ಭವನ್ನು ಹೊತ್ತುಕೊಂಡೇ ಇರುತ್ತದೆ. ಬರಹ ಸಂದರ್ಭವನ್ನು ಕಳಚಿಕೊಂಡಾಗ ಏನಾಗುತ್ತದೆ ಎಂಬುದಕ್ಕೆ ಶಿವಮೊಗ್ಗ ಸಾಕ್ಷಿ.

2010ರ ಮಾರ್ಚ್ 1

2010ರ ಫೆಬ್ರವರಿ 28, ಭಾನುವಾರ. 'ಕನ್ನಡಪ್ರಭ'ದ ಅಂದಿನ ಸಂಚಿಕೆಯಲ್ಲಿ ಬುರ್ಖಾದ ಬಗ್ಗೆ ಬಾಂಗ್ಲಾದೇಶದ ಲೇಖಕಿ ತಸ್ಲಿಮಾ ನಸ್ರೀನ್ ಅವರ ಹೆಸರಿನಲ್ಲಿ ಒಂದು ಲೇಖನ ಪ್ರಕಟವಾಯಿತು. ಮರುದಿನ, ಮಾರ್ಚ್ 1ರಂದು, ಶಿವಮೊಗ್ಗ ಮತ್ತು ಹಾಸನಗಳಲ್ಲಿ ಪ್ರತಿಭಟನೆ ನಡೆಯಿತು. ಶಿವಮೊಗ್ಗದಲ್ಲಿ ಮೆರವಣಿಗೆ ಕಲ್ಲುತೂರಾಟಕ್ಕೆ ತಿರುಗಿತು. ಅಂಗಡಿ, ವಾಹನಗಳಿಗೆ ಬೆಂಕಿ ಬಿತ್ತು. ಪೊಲೀಸರು ಗುಂಡು ಹಾರಿಸಿದರು. ಕರ್ಫ್ಯೂ ಬಂತು. ಇಬ್ಬರು ಸತ್ತರು.

ತಸ್ಲಿಮಾ ಅವರು ತಕ್ಷಣವೇ ಹೇಳಿಕೆ ಕೊಟ್ಟು, ತಾನು ಕರ್ನಾಟಕದ ಯಾವ ಪತ್ರಿಕೆಗೂ ಎಂದೂ ಲೇಖನ ಬರೆದಿಲ್ಲ, ತನ್ನ ಮಾತನ್ನು ತಿರುಚಲಾಗಿದೆ ಎಂದರು. ಅದು 2007ರ ಜನವರಿಯಲ್ಲಿ ಇಂಗ್ಲಿಷ್ ವಾರಪತ್ರಿಕೆ 'ಔಟ್‌ಲುಕ್'ನಲ್ಲಿ ಬಂದಿದ್ದ ಅವರ ಲೇಖನದ ಅನುವಾದ ಎಂದು ವರದಿಯಾಯಿತು. ಅಂದರೆ ಮೂರು ವರ್ಷ ಹಳೆಯ ಮಾತೊಂದು, ಇನ್ನೊಂದು ಭಾಷೆಯಲ್ಲಿ, ಇನ್ನೊಂದು ಊರಿನಲ್ಲಿ, ಬರೆದವರಿಗೇ ತಿಳಿಯದಂತೆ, ನಿನ್ನೆ ಮೊನ್ನೆ ಬರೆದದ್ದರಂತೆ ಭಾನುವಾರದ ಮನೆಗಳಿಗೆ ತಲುಪಿತು.

ಈ ಘಟನೆಯನ್ನು ನೆನೆಯುವಾಗ ನಮ್ಮವರು ಸಾಮಾನ್ಯವಾಗಿ ಪತ್ರಿಕೆಯನ್ನು ಬಯ್ಯುತ್ತಾರೆ. ಇತರರು ಮೆರವಣಿಗೆಯನ್ನು ಬಯ್ಯುತ್ತಾರೆ. ಎರಡೂ ಕಡೆ ಪ್ರಶ್ನೆಗಳಿವೆ. ಮರುಮುದ್ರಿಸುವಾಗ ಲೇಖಕಿಯ ಒಪ್ಪಿಗೆ, ಮೂಲ ಪ್ರಕಟಣೆಯ ವರ್ಷ, ಅನುವಾದದ ನಿಖರತೆ ಇವುಗಳ ಬಗ್ಗೆ ಪತ್ರಿಕೆ ಉತ್ತರಿಸಬೇಕಾಗಿತ್ತು. ಹಾಗೆಯೇ ಅಂದು ಬೀದಿಗಿಳಿದವರಲ್ಲಿ ಆ ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಎಷ್ಟು ಮಂದಿ ಓದಿದ್ದರು, ಎಷ್ಟು ಮಂದಿಗೆ ಇನ್ನೊಬ್ಬರ ಬಾಯಿಂದ ತಲುಪಿತ್ತು ಎಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕು. ಒಂದು ಲೇಖನಕ್ಕೆ ಇನ್ನೊಂದು ಲೇಖನ ಉತ್ತರವಾಗಬಹುದಿತ್ತು. ಅದನ್ನು ಬರೆಯಬಲ್ಲ ಯುವಕರು ಆ ಊರಿನ ಕಾಲೇಜುಗಳಲ್ಲಿ ಇರಲಿಲ್ಲವೆಂದು ಹೇಳಲಾಗದು. ಸಹ್ಯಾದ್ರಿ ಕಾಲೇಜು ಇದ್ದ ಊರು ಅದು. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾಲಯವಿದೆ. ಬರೆಯಬಲ್ಲವರಿಗೆ ಬರೆದು ಉತ್ತರಿಸುವ ಅಭ್ಯಾಸ ಮಾಡಿಸಿರಲಿಲ್ಲ ಎನ್ನುವುದು ಹೆಚ್ಚು ನಿಜ.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಇದು ಸಂಪಾದಕರಿದ್ದ, ಮುದ್ರಣಾಲಯವಿದ್ದ ಪತ್ರಿಕೆಯಲ್ಲಿ ನಡೆದದ್ದು. ಬ್ಲಾಗಿನಲ್ಲಿ ಸಂಪಾದಕನಿಲ್ಲ, ಆದ್ದರಿಂದಲೇ ಅದು ಅಪಾಯ ಎನ್ನುವ ವಾದ ಇಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಯಾರು, ಯಾವಾಗ, ಎಲ್ಲಿ, ಯಾರಿಗೆ ಹೇಳಿದರು ಎಂಬ ನಾಲ್ಕು ಸಂಗತಿಗಳನ್ನು ಕಳಚಿಟ್ಟು ಮಾತನ್ನು ಮುಂದಕ್ಕೆ ಕಳಿಸಿದ್ದು ಅಲ್ಲಿಯ ಮೂಲ ದೋಷ. ಸಂಪಾದಕನಿದ್ದರೂ ಆ ದೋಷ ನಡೆಯಿತು, ಇಲ್ಲದೆಯೂ ನಡೆಯಬಹುದು.

ಅಂಕಿತ ಮತ್ತು ಇಸ್ನಾದ್

ಮಾತು ತನ್ನ ಮೂಲವನ್ನು ಹೊತ್ತುಕೊಂಡೇ ಪಯಣಿಸಬೇಕು ಎಂಬುದು ನಮಗೆ ಹೊಸ ವಿಚಾರವಲ್ಲ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಅಲ್ಲಮಪ್ರಭುವಿನ ಊರು, ಉಡುತಡಿ ಅಕ್ಕಮಹಾದೇವಿಯ ಊರು. ಅವರ ವಚನಗಳು ಶತಮಾನಗಳ ಕಾಲ ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ದಾಟಿ ಬಂದಿವೆ. ಆದರೂ ಇದು ಅಲ್ಲಮನದು, ಇದು ಅಕ್ಕನದು ಎಂದು ಹೇಳುವುದು ಸಾಧ್ಯವಾಗಿರುವುದು ಅಂಕಿತದಿಂದ. ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತ ವಚನದ ಮೈಯಲ್ಲೇ ಇದೆ. ಮಾತನ್ನು ಎತ್ತಿಕೊಂಡು ಹೋದವನು ಅಂಕಿತವನ್ನೂ ಎತ್ತಿಕೊಂಡು ಹೋಗಲೇಬೇಕು.

ಮುಸ್ಲಿಂ ವಿದ್ವಾಂಸರು ಇದೇ ಕೆಲಸವನ್ನು ಇನ್ನೊಂದು ರೀತಿಯಲ್ಲಿ ಮಾಡಿದರು. ಹದೀಸನ್ನು ಹೇಳುವವನು ಅದನ್ನು ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು ಎಂಬ ಸರಪಳಿಯನ್ನು ಮೊದಲು ಹೇಳಬೇಕು. ಅದೇ ಇಸ್ನಾದ್. ಸರಪಳಿಯಲ್ಲಿ ಒಂದು ಕೊಂಡಿ ತುಂಡಾಗಿದ್ದರೂ, ಒಬ್ಬ ವರದಿಗಾರ ಮರೆಗುಳಿಯೋ ಸುಳ್ಳುಗಾರನೋ ಆಗಿದ್ದರೂ ಆ ವರದಿಯ ಬೆಲೆ ಇಳಿಯುತ್ತದೆ. ಇಷ್ಟು ಕಟ್ಟುನಿಟ್ಟಿನ ಪರಂಪರೆಯ ವಾರಸುದಾರರು ಮೊಬೈಲಿನಲ್ಲಿ ಬಂದ, ಯಾರು ಹೇಳಿದ್ದೆಂದೇ ಗೊತ್ತಿಲ್ಲದ ಸಂದೇಶವನ್ನು ಅರ್ಧ ನಿಮಿಷದಲ್ಲಿ ಐವತ್ತು ಮಂದಿಗೆ ದಾಟಿಸುತ್ತೇವೆ. ಅದರ ಮೇಲೆ ಹದೀಸ್ ಎಂದು ಬರೆದಿದ್ದರಂತೂ ಕೇಳುವುದೇ ಬೇಡ. ವಚನಕಾರರ ಹೆಸರಿನಲ್ಲಿ, ಕುವೆಂಪು ಹೆಸರಿನಲ್ಲಿ ಯಾರೋ ಬರೆದ ಸುಭಾಷಿತಗಳನ್ನು ದಾಟಿಸುವವರ ಪಾಡೂ ಇದೇ. ಎರಡು ಪರಂಪರೆಗಳ ಮಕ್ಕಳೂ ತಮ್ಮ ತಮ್ಮ ಹಿರಿಯರ ಶಿಸ್ತನ್ನು ಒಟ್ಟಿಗೇ ಮರೆತಿದ್ದಾರೆ.

ಬ್ಲಾಗು ಬರೆಯುವ ಹುಡುಗನಿಗೆ ಈ ಶಿಸ್ತು ತಾನಾಗಿ ಬರುತ್ತದೆಂದು ಹೇಳುತ್ತಿಲ್ಲ. ಆದರೆ ಕೊಂಡಿ, ದಿನಾಂಕ, ವಿಳಾಸ, ಹಳೆಯ ಬರಹಗಳ ಪಟ್ಟಿ ಇವೆಲ್ಲ ಇರುವ ಜಾಗದಲ್ಲಿ ಅದನ್ನು ಕಲಿಯುವುದು ಸುಲಭ. ಮಾತನ್ನು ದಾಟಿಸುವುದಕ್ಕೆಂದೇ ಮಾಡಿದ ಜಾಗದಲ್ಲಿ ಕಲಿಯುವುದು ಕಷ್ಟ.

ಹೆಸರು ಮರೆಸಿ ಬರೆಯುವವರು

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಬರುತ್ತದೆ. ಹೆಸರು ಹಾಕಿ ಬರೆಯಿರಿ ಎನ್ನುವುದು ಸುಲಭ. ಹೆಸರು ಹಾಕಿದರೆ ಅಪಾಯ ಯಾರಿಗೆ ಹೆಚ್ಚು? ಹುಡುಗಿಯರಿಗೆ, ದಲಿತರಿಗೆ, ಅಲ್ಪಸಂಖ್ಯಾತರಿಗೆ, ಬಡವರಿಗೆ. ಶಿವಮೊಗ್ಗಕ್ಕೆ ದೂರವಲ್ಲದ ದಾವಣಗೆರೆಯಲ್ಲಿ 2015ರ ಅಕ್ಟೋಬರಿನಲ್ಲಿ, ಜಾತಿಯ ಕ್ರೌರ್ಯದ ಬಗ್ಗೆ ಬರೆದಿದ್ದ ಯುವ ಲೇಖಕ, ಪತ್ರಿಕೋದ್ಯಮದ ವಿದ್ಯಾರ್ಥಿ ಹುಚ್ಚಂಗಿ ಪ್ರಸಾದ್ ಮೇಲೆ ಹಲ್ಲೆ ನಡೆಯಿತು. ತಾಯಿಗೆ ಹುಷಾರಿಲ್ಲವೆಂದು ಸುಳ್ಳು ಹೇಳಿ ಅವರನ್ನು ಹಾಸ್ಟೆಲಿನಿಂದ ಹೊರಗೆ ಕರೆದೊಯ್ದಿದ್ದರು. ನೆರೆಯ ಬಾಂಗ್ಲಾದೇಶದಲ್ಲಿ 2013ರ ಫೆಬ್ರವರಿಯಲ್ಲಿ ಬ್ಲಾಗರ್ ರಾಜೀಬ್ ಹೈದರ್ ಅವರನ್ನೂ, 2015ರ ಫೆಬ್ರವರಿಯಲ್ಲಿ ಅವಿಜಿತ್ ರಾಯ್ ಅವರನ್ನೂ ಕೊಲ್ಲಲಾಯಿತು. ಸೌದಿ ಅರೇಬಿಯಾದಲ್ಲಿ 2012ರಲ್ಲಿ ಬಂಧಿತನಾದ ಬ್ಲಾಗರ್ ರಾಇಫ್ ಬದವಿಗೆ ಹತ್ತು ವರ್ಷ ಸೆರೆ ಮತ್ತು ಸಾವಿರ ಛಡಿಯೇಟಿನ ಶಿಕ್ಷೆ ವಿಧಿಸಲಾಯಿತು. 2015ರ ಜನವರಿಯಲ್ಲಿ ಮೊದಲ ಐವತ್ತು ಏಟುಗಳನ್ನು ಬಹಿರಂಗವಾಗಿ ಹೊಡೆಯಲಾಯಿತು. ಅವರ ವಿಚಾರಗಳನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಬರಹಕ್ಕೆ ಮಚ್ಚು ಉತ್ತರವಲ್ಲ, ಛಡಿಯೂ ಉತ್ತರವಲ್ಲ ಎಂದು ಮುಸ್ಲಿಂ ಸಮಾಜ ಗಟ್ಟಿಯಾಗಿ ಹೇಳಬೇಕು. ತನ್ನ ಮೇಲೆ ಬರೆಯುವವರ ವಿಷಯದಲ್ಲಿ ಹೇಳಿದರಷ್ಟೇ ಆ ಮಾತಿಗೆ ತೂಕ.

ಹಾಗಾದರೆ ಹೆಸರು ಮರೆಸುವುದು ತಪ್ಪೇ? ಅಮೆರಿಕ ಇರಾಕನ್ನು ಆಕ್ರಮಿಸಿದ 2003ರಲ್ಲಿ ಬಗ್ದಾದಿನ ಯುವತಿಯೊಬ್ಬಳು 'ರಿವರ್‌ಬೆಂಡ್' ಎಂಬ ಹೆಸರಿನಲ್ಲಿ ಬ್ಲಾಗು ಬರೆಯತೊಡಗಿದಳು. ವಿದ್ಯುತ್ತು ಇಲ್ಲದ ರಾತ್ರಿ, ಕೆಲಸ ಕಳೆದುಕೊಂಡದ್ದು, ನೆರೆಯವರ ಸಾವು ಎಲ್ಲ ಅಲ್ಲಿತ್ತು. ದೊಡ್ಡ ದೊಡ್ಡ ಚಾನೆಲ್‌ಗಳು ತೋರಿಸದ ಇರಾಕನ್ನು ಜಗತ್ತು ಅಲ್ಲಿ ಓದಿತು. ಅವಳ ನಿಜ ಹೆಸರನ್ನು ಅವಳು ಎಂದೂ ಪ್ರಕಟಿಸಲಿಲ್ಲ. 2009ರ ಜನವರಿಯಲ್ಲಿ ಪಾಕಿಸ್ತಾನದ ಸ್ವಾತ್ ಕಣಿವೆಯ ಹನ್ನೊಂದು ವರ್ಷದ ಹುಡುಗಿಯೊಬ್ಬಳ ದಿನಚರಿ ಬಿಬಿಸಿ ಉರ್ದುವಿನ ಜಾಲತಾಣದಲ್ಲಿ 'ಗುಲ್ ಮಕಾಯ್' ಎಂಬ ಹೆಸರಿನಲ್ಲಿ ಬಂತು. ಹೆಣ್ಣುಮಕ್ಕಳ ಶಾಲೆ ಮುಚ್ಚಿಸಿದ ತಾಲಿಬಾನಿನ ನೆರಳಲ್ಲಿ ಅವಳು ಬರೆದಳು. ಮುಂದೆ ಅವಳ ನಿಜ ಹೆಸರು ಮಲಾಲಾ ಯೂಸುಫ್‌ಜಾಯಿ ಎಂದು ಲೋಕಕ್ಕೆ ತಿಳಿಯಿತು. 2012ರ ಅಕ್ಟೋಬರಿನಲ್ಲಿ ಅವಳಿಗೆ ಗುಂಡು ಹೊಡೆಯಲಾಯಿತು.

ಇಲ್ಲಿ ಮತ್ತೆ ಅಂಕಿತದ ಕಡೆಗೆ ತಿರುಗಿದರೆ ಉತ್ತರ ಸಿಗುತ್ತದೆ. ಗುಹೇಶ್ವರ ಎಂಬುದು ಅಲ್ಲಮನ ಮನೆಯ ಹೆಸರಲ್ಲ. ಅಂಕಿತವೆಂದರೆ ಪಡಿತರ ಚೀಟಿಯಲ್ಲಿರುವ ಹೆಸರು ಎಂದಲ್ಲ. ಇಂದು ಬರೆದವನೇ ನಾಳೆಯೂ ಬರೆಯುತ್ತಾನೆ, ನಿನ್ನೆಯ ಮಾತಿಗೆ ನಾಳೆ ಉತ್ತರ ಕೊಡುತ್ತಾನೆ ಎಂಬ ಭರವಸೆ. ರಿವರ್‌ಬೆಂಡ್ ವರ್ಷಗಟ್ಟಲೆ ಒಂದೇ ಹೆಸರಿನಲ್ಲಿ, ಒಂದೇ ಜಾಗದಲ್ಲಿ, ಒಂದೇ ದನಿಯಲ್ಲಿ ಬರೆದಳು. ಅದೇ ಅವಳ ಅಂಕಿತ. ಕಾವ್ಯನಾಮ ಇಟ್ಟುಕೊಂಡು ಹೊಣೆಯಿಂದ ಬರೆಯುವ ಹುಡುಗಿಗೂ, ಹೊಣೆ ತಪ್ಪಿಸಿಕೊಳ್ಳಲೆಂದೇ ದಿನಕ್ಕೊಂದು ಮುಖವಾಡ ಹಾಕುವವನಿಗೂ ಹೋಲಿಕೆ ಇಲ್ಲ.

ಆ ಮುಖವಾಡ ಎಷ್ಟು ದೂರ ಹೋಗಬಲ್ಲದು ಎಂಬುದನ್ನು 2021ರ ಜುಲೈಯಲ್ಲಿಯೂ 2022ರ ಜನವರಿ 1ರಂದೂ ನಾವು ಕಂಡೆವು. ಬರೆಯುವ, ಮಾತನಾಡುವ ಮುಸ್ಲಿಂ ಮಹಿಳೆಯರ ಚಿತ್ರಗಳನ್ನು ಜಾಲತಾಣಗಳಿಂದ ಕದ್ದು, ಅವರನ್ನು ಹರಾಜಿಗಿಟ್ಟಂತೆ ತೋರಿಸುವ ಆ್ಯಪ್‌ಗಳನ್ನು ಮಾಡಲಾಯಿತು. ಎರಡನೆಯ ಪ್ರಕರಣದಲ್ಲಿ ಬಂಧಿತರಾದವರಲ್ಲಿ ಹಲವರು ಹದಿನೆಂಟರಿಂದ ಇಪ್ಪತ್ತೊಂದರ ಆಸುಪಾಸಿನವರು. ಒಬ್ಬ ಬೆಂಗಳೂರಿನಲ್ಲಿ ಓದುತ್ತಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿ. ಅಂತರ್ಜಾಲದ ಅಪಾಯವೆಂದರೆ ನಮ್ಮ ಮಕ್ಕಳಿಗೆ ಹೊರಗಿನಿಂದ ಬರುವ ಅಪಾಯ ಎಂದೇ ನಾವು ಭಾವಿಸುತ್ತೇವೆ. ನಮ್ಮ ಮಕ್ಕಳೇ ಇನ್ನೊಬ್ಬರಿಗೆ ಅಪಾಯವಾಗಿ ಬೆಳೆಯಬಹುದು ಎಂಬುದನ್ನು ಎಲ್ಲ ಸಮುದಾಯದ ತಂದೆತಾಯಂದಿರೂ ಯೋಚಿಸಬೇಕು.

ಹತ್ತೊಂಬತ್ತರ ಹರೆಯಕ್ಕೆ ಕಾನೂನು

ಇನ್ನು ಕಾನೂನಿನ ಮಾತು. ಹುಡುಗರು ಇದನ್ನು ಕೇಳಲು ಇಷ್ಟಪಡುವುದಿಲ್ಲ, ಆದರೆ ತಿಳಿದಿರಬೇಕು. ಕೇರಳದ ಹತ್ತೊಂಬತ್ತು ವರ್ಷದ ಕಂಪ್ಯೂಟರ್ ವಿದ್ಯಾರ್ಥಿಯೊಬ್ಬ ಆರ್ಕುಟ್‌ನಲ್ಲಿ ಒಂದು ರಾಜಕೀಯ ಪಕ್ಷದ ವಿರುದ್ಧ ಗುಂಪು ಮಾಡಿದ. ಅಲ್ಲಿ ಬೇರೆಯವರೂ ಬರೆದರು. ಮಹಾರಾಷ್ಟ್ರದಲ್ಲಿ ಕೇಸಾಯಿತು. 2009ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ಕೇಸನ್ನು ರದ್ದು ಮಾಡಲು ಒಪ್ಪಲಿಲ್ಲ. ಕಂಪ್ಯೂಟರ್ ಓದುವವನಿಗೆ ತಾನು ಹಾಕಿದ್ದನ್ನು ಎಷ್ಟು ಜನ ನೋಡುತ್ತಾರೆಂದು ತಿಳಿದಿರಬೇಕು ಎಂಬ ಅರ್ಥದ ಮಾತು ಹೇಳಿತು. ತನ್ನ ಜಾಗದಲ್ಲಿ ಇತರರು ಬರೆಯುವ ಮಾತಿಗೂ ತಾನು ಪೊಲೀಸ್ ಠಾಣೆಗೆ ಓಡಾಡಬೇಕಾದೀತು ಎಂಬುದು ಪ್ರತಿಕ್ರಿಯೆಗಳಿಗೆ ಬಾಗಿಲು ತೆರೆದಿಡುವ ಪ್ರತಿ ಬ್ಲಾಗಿನವರಿಗೂ ಪಾಠ.

ಏನನ್ನೂ ಬರೆಯದವರಿಗೂ ರಕ್ಷಣೆ ಇಲ್ಲ. 2007ರಲ್ಲಿ ಬೆಂಗಳೂರಿನ ಇಂಜಿನಿಯರೊಬ್ಬರನ್ನು, ಶಿವಾಜಿಗೆ ಅವಮಾನ ಮಾಡಿದ ಆರ್ಕುಟ್ ಬರಹ ಅವರದೆಂದು ಪುಣೆಯ ಪೊಲೀಸರು ಹಿಡಿದೊಯ್ದರು. ಐ.ಪಿ. ವಿಳಾಸದ ಮಾಹಿತಿಯೇ ತಪ್ಪಾಗಿತ್ತು. ಅದು ತಿಳಿದು ಬಿಡುಗಡೆಯಾಗುವ ಹೊತ್ತಿಗೆ ಅವರು ಐವತ್ತು ದಿನ ಜೈಲಿನಲ್ಲಿದ್ದರು. 2012ರ ನವೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರಿನಲ್ಲಿ ಒಬ್ಬ ಯುವತಿ ಫೇಸ್‌ಬುಕ್ಕಿನಲ್ಲಿ ಬರೆದದ್ದಕ್ಕೆ, ಇನ್ನೊಬ್ಬಳು ಅದನ್ನು ಮೆಚ್ಚಿದ್ದಕ್ಕೆ ಬಂಧಿತರಾದರು. ಆ ಬಗೆಯ ಬಂಧನಗಳಿಗೆ ದಾರಿಯಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ರದ್ದುಮಾಡಿತು. ಆದರೆ ಸಮುದಾಯಗಳ ನಡುವೆ ದ್ವೇಷ ಹರಡುವ, ಧಾರ್ಮಿಕ ಭಾವನೆಗೆ ಬೇಕೆಂದೇ ಘಾಸಿ ಮಾಡುವ ಬರಹಗಳ ವಿರುದ್ಧದ ಕಲಮುಗಳು ಹಾಗೆಯೇ ಇವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು 196 ಮತ್ತು 299.

ಉಳಿದದ್ದು ಏನು?

ಇಷ್ಟೆಲ್ಲ ಅಪಾಯಗಳಿಗೆ ಹೆದರಿ ನಮ್ಮ ಯುವಜನರು ಅಂತರ್ಜಾಲದಲ್ಲಿ ಬರೆಯುವುದನ್ನು ಬಿಟ್ಟಿದ್ದಾರೆಯೇ? ಇಲ್ಲ. ಅವರು ಬಿಟ್ಟದ್ದು ಬ್ಲಾಗನ್ನು ಮಾತ್ರ. 2016ರ ನಂತರ ಮೊಬೈಲ್ ಡೇಟಾ ಅಗ್ಗವಾಯಿತು, ಎಲ್ಲರ ಕೈಗೂ ವಾಟ್ಸ್ಆ್ಯಪ್ ಬಂತು, ಇನ್‌ಸ್ಟಾಗ್ರಾಮ್ ಬಂತು. ಬರಹ ಚಿಕ್ಕದಾಯಿತು, ವೇಗವಾಯಿತು. ಎರಡು ವಾರದ ಹಿಂದೆ ಹೇಳಿದ್ದು ಎಲ್ಲಿದೆಯೆಂದು ಹೇಳಿದವನಿಗೇ ಸಿಗದಂತಾಯಿತು. ಆದರೆ ಯಾರೋ ತೆಗೆದಿಟ್ಟ ಸ್ಕ್ರೀನ್‌ಶಾಟಿನಲ್ಲಿ ಅದು ದಿನಾಂಕವಿಲ್ಲದೆ ಉಳಿದಿರುತ್ತದೆ. ಬ್ಲಾಗಿನ ಲಾಭಗಳೆಂದು ಮೇಲೆ ಹೇಳಿದ ಒಂದೊಂದನ್ನೂ, ಅಂದರೆ ಉದ್ದದ ಬರಹ, ದಿನಾಂಕ, ಮೂಲಕ್ಕೆ ಕೊಂಡಿ, ತಿದ್ದಿಕೊಳ್ಳುವ ಅವಕಾಶ, ಅಪರಿಚಿತ ಓದುಗನ ಉತ್ತರ ಇವನ್ನು ನಾವು ಕೈಬಿಟ್ಟಿದ್ದೇವೆ. ಅಪಾಯಗಳನ್ನು ಒಂದೂ ಬಿಡದಂತೆ ಉಳಿಸಿಕೊಂಡಿದ್ದೇವೆ. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದ ಉಡುಪಿಯಿಂದ ಶಿವಮೊಗ್ಗದ ಕಾಲೇಜುಗಳಿಗೂ ಹರಡಿದಾಗ, ವಿದ್ಯಾರ್ಥಿನಿಯರ ಬಗ್ಗೆ ಎಲ್ಲರೂ ಮಾತನಾಡಿದರು. ಹತ್ತು ಸೆಕೆಂಡಿನ ವಿಡಿಯೋಗಳು ಊರೂರು ಸುತ್ತಿದವು. ಉಡುಪಿಯ ವಿದ್ಯಾರ್ಥಿನಿಯರ ಖಾಸಗಿ ವಿವರಗಳೂ ಹರಿದಾಡಿದವೆಂದು ಪೋಷಕರು ಪೊಲೀಸರಿಗೆ ದೂರು ಕೊಡಬೇಕಾಯಿತು. ಆ ಹುಡುಗಿಯರು ತಾವೇ ಕನ್ನಡದಲ್ಲಿ, ತಮ್ಮ ಅಂಕಿತದಲ್ಲಿ, ನಾಲ್ಕು ಪುಟ ಬರೆದದ್ದು ನಮಗೆ ಎಷ್ಟು ಸಿಕ್ಕಿತು? ಹಿಜಾಬು ಧರಿಸುವವರದೂ, ಧರಿಸದವರದೂ, ಅವರ ಪಕ್ಕದ ಬೆಂಚಿನ ಗೆಳತಿಯದೂ?

ಆದ್ದರಿಂದ ಬರೆಯಬೇಡಿ ಎಂದು ಹೇಳುವ ಹಿರಿಯರು ಸ್ವಲ್ಪ ತಡೆದು ಯೋಚಿಸಬೇಕು. ಶಿವಮೊಗ್ಗ, ಭದ್ರಾವತಿಗಳಂಥ ಊರುಗಳ ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ಭಿತ್ತಿಪತ್ರಿಕೆ, ವಾರ್ಷಿಕ ಸಂಚಿಕೆ ಮಾಡುವ ಕನ್ನಡ ಅಧ್ಯಾಪಕರು ಅದರ ಜೊತೆಗೇ ಒಂದು ಬ್ಲಾಗನ್ನು ನಡೆಸಬಹುದು. ಅದಕ್ಕೆ ಹಣ ಬೇಕಿಲ್ಲ. ಆದರೆ ಅಲ್ಲಿ ಕೆಲವು ಕಟ್ಟಳೆಗಳಿರಲಿ. ಬರೆದದ್ದನ್ನು ಒಂದು ರಾತ್ರಿ ಇಟ್ಟು ಮರುದಿನ ಓದಿ ಹಾಕುವುದು. ಕೇಳಿದ ಮಾತಿಗೆ ಯಾರಿಂದ ಕೇಳಿದ್ದೆಂದು ಬರೆಯುವುದು. ಎತ್ತಿಕೊಂಡ ಮಾತಿಗೆ ಮೂಲದ ಹೆಸರು, ವರ್ಷ ಕೊಡುವುದು. ಮನೆಯ ವಿಳಾಸ, ಫೋನು, ಗೆಳತಿಯ ಫೋಟೋ ಹಾಕದಿರುವುದು. ತಪ್ಪಾದರೆ ಸದ್ದಿಲ್ಲದೆ ಅಳಿಸಿಹಾಕುವ ಬದಲು ತಿದ್ದುಪಡಿಯನ್ನು ದಿನಾಂಕದೊಂದಿಗೆ ಕೆಳಗೆ ಬರೆಯುವುದು. ತನ್ನ ಸಮುದಾಯವನ್ನು ಟೀಕಿಸುವಾಗಲೂ ಇನ್ನೊಂದನ್ನು ಟೀಕಿಸುವಾಗಲೂ ಒಂದೇ ಅಳತೆಗೋಲು ಬಳಸುವುದು. ಕಾವ್ಯನಾಮ ಬೇಕೆನ್ನುವವರಿಗೆ ಅದನ್ನು ಕೊಡುವುದು, ಆದರೆ ಒಮ್ಮೆ ಆರಿಸಿಕೊಂಡದ್ದನ್ನು ಬದಲಿಸದಿರುವುದು.

ಈ ಅಭ್ಯಾಸ ಇರುವ ಇಪ್ಪತ್ತು ಮಂದಿ ಒಂದು ಊರಿನಲ್ಲಿದ್ದರೆ, ಮುಂದೊಂದು ಭಾನುವಾರ ಯಾರದೋ ಹೆಸರಿನಲ್ಲಿ ಯಾರೋ ಬರೆದದ್ದು ಮನೆಬಾಗಿಲಿಗೆ ಬಂದಾಗ, ಸೋಮವಾರ ಬೆಳಿಗ್ಗೆಯ ಹೊತ್ತಿಗೆ ಅದರ ಮೂಲ ಎಲ್ಲಿದೆ, ಬರೆದದ್ದು ಯಾವಾಗ, ತಿರುಚಿದ್ದು ಎಲ್ಲಿ, ನಮ್ಮ ಉತ್ತರ ಏನು ಎಂದು ಬರೆದು ಊರಿನ ಮುಂದಿಡಬಲ್ಲರು. ಅಷ್ಟರಿಂದ ಕಲ್ಲು ಹಿಡಿದ ಕೈಗಳೆಲ್ಲ ತಡೆಯುತ್ತವೆಂದು ಯಾರೂ ಭರವಸೆ ಕೊಡಲಾರರು. ಆದರೆ 2010ರಲ್ಲಿ ಆ ಇಪ್ಪತ್ತು ಮಂದಿ ಶಿವಮೊಗ್ಗದಲ್ಲಿ ಸಿದ್ಧರಿರಲಿಲ್ಲ. ಈಗಲಾದರೂ ಅವರನ್ನು ಸಿದ್ಧಗೊಳಿಸುವ ಕೆಲಸ ಕಾಲೇಜುಗಳದು, ಪತ್ರಿಕೆಗಳದು, ಮನೆಗಳದು.